ಟೆಂಟಿನಿಂದ ತೆರೆಗೆ ಎಷ್ಟು ಹೆಜ್ಜೆ? ಮಕ್ಕಳ ಜೊತೆ ಸರ್ಫಿಂಗ್ ರಜೆಗೆ ಜಾಗ ಆರಿಸುವ ಮುನ್ನ

ಮೊದಲ ವರ್ಷ ನಾವು ಆರಿಸಿದ ಕಡಲು ಸರಿಯಾಗಿಯೇ ಇತ್ತು. ತಪ್ಪಿದ್ದು ಉಳಿದುಕೊಂಡ ಮನೆ. ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋದ ಆ ರಜೆಯಲ್ಲಿ, ಕಡಲಿನಿಂದ 12 ಕಿಲೋಮೀಟರ್ ಒಳಗೆ ಒಂದು ಚೆಂದದ ತೋಟದ ಮನೆ ಹಿಡಿದಿದ್ದೆವು. ಮಕ್ಕಳನ್ನು ಎಬ್ಬಿಸಿ, ತಿಂಡಿ ಮುಗಿಸಿ, ಒಣಗದ ಬಟ್ಟೆ ಹುಡುಕಿ, ಕಾರು ಹತ್ತಿಸಿ ಕಡಲತೀರದ ಹೊಯಿಗೆ ಮುಟ್ಟುವಾಗ ದಿನವೂ ಹತ್ತು ಗಂಟೆ ದಾಟುತ್ತಿತ್ತು. ಅಷ್ಟರಲ್ಲಿ ಕಡಲ ಗಾಳಿ ಎದ್ದು ನೀರು ಕಲಕಿ ಹೋಗಿರುತ್ತಿತ್ತು. ಐದು ದಿನದಲ್ಲಿ ಮಕ್ಕಳು ಅಲೆ ಸವಾರಿಯ ಬೋರ್ಡ್ ಹಿಡಿದಿದ್ದು ಎರಡೇ ದಿನ. ವಾಪಸು ಬರುವಾಗ ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆಮೇಲಿನ ನಾಲ್ಕು ವರ್ಷಗಳಲ್ಲಿ ಕರಾವಳಿಯ ಬೇರೆ ಬೇರೆ ಕಡೆ ಟೆಂಟು ಹಾಕಿದ್ದೇವೆ, ಪೂರ್ವ ಕರಾವಳಿಗೂ ಹೋಗಿ ಬಂದಿದ್ದೇವೆ. ನಮ್ಮದು ಐವರ ಕುಟುಂಬ: ನಾನು, ನನ್ನ ಮನೆಯವರು, 13ರ ಮಗಳು, 8ರ ಮಗ ಮತ್ತು ಕಡಲನ್ನು ನೋಡುತ್ತ ಕೂರುವುದಷ್ಟೇ ಇಷ್ಟಪಡುವ ನಮ್ಮತ್ತೆ. ಈಗ ಯಾರಾದರೂ "ದಿನಾ ಸರ್ಫಿಂಗ್ ಮಾಡುವ ಹಾಗೆ ಒಂದು ಕ್ಯಾಂಪಿಂಗ್ ರಜೆ, ಎಲ್ಲಿಗೆ ಹೋಗೋಣ?" ಎಂದು ಕೇಳಿದರೆ ನನ್ನ ಮರುಪ್ರಶ್ನೆ ಒಂದೇ. ಟೆಂಟಿನಿಂದ ನೀರಿಗೆ ಎಷ್ಟು ಹೆಜ್ಜೆ? ಅಲೆ ಎಷ್ಟು ಚೆನ್ನಾಗಿದೆ ಎಂಬುದು ಎರಡನೆಯ ಮಾತು. ಕಲಿಯುವ ಮಕ್ಕಳಿಗೆ ಸೊಂಟದೆತ್ತರದ ಬಿಳಿ ನೊರೆಯ ಅಲೆ ಸಾಕು, ಅದು ನಮ್ಮ ಕರಾವಳಿಯ ಬಹಳ ಕಡೆ ಸಿಗುತ್ತದೆ.

ಹೆಜ್ಜೆಯ ಲೆಕ್ಕ ಯಾಕೆ ಮುಖ್ಯ ಎಂದರೆ, ಕಡಲು ಕೊಡುವ ಹೊತ್ತು ಚಿಕ್ಕದು. ರಾತ್ರಿ ನೆಲ ತಣ್ಣಗಾಗುವುದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲ ಕಡೆ ಬೀಸುತ್ತದೆ. ಈ ಗಾಳಿ ಏಳುವ ತೆರೆಗೆ ಎದುರಾಗಿ ನಿಂತು ಅದರ ಮುಖವನ್ನು ನಯವಾಗಿಸುತ್ತದೆ, ಬೇಗ ಒಡೆಯದಂತೆ ಹಿಡಿದಿಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ದಿಕ್ಕು ಬದಲಿಸುತ್ತದೆ. ಕಡಲಿನಿಂದ ಬೀಸುವ ಆ ಗಾಳಿಗೆ ಅಲೆಗಳು ಚದುರಿ, ಒಂದರ ಮೇಲೊಂದು ಬಿದ್ದು, ಮಕ್ಕಳು ಏಳುವ ಮೊದಲೇ ಮುಂದಿನದು ಬಂದು ಹೊಡೆಯುತ್ತದೆ. ಇದರ ಜೊತೆಗೆ ಭರತ-ಇಳಿತ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಸೋಮವಾರ ಆರೂವರೆಗೆ ಸರಿಯಾಗಿದ್ದ ನೀರು ಗುರುವಾರ ಒಂಬತ್ತರ ಹೊತ್ತಿಗೆ ಸರಿಯಾಗುತ್ತದೆ. ದಿನವೂ ಒಂದೇ ಹೊತ್ತಿಗೆ ಕಾರಿನಲ್ಲಿ ಬಂದು ಹೋಗುವವರಿಗೆ ಇದು ಹೊಂದುವುದಿಲ್ಲ. ಟೆಂಟಿನ ಜಿಪ್ ತೆಗೆದು ತಲೆ ಹೊರಹಾಕಿ, "ಇನ್ನೂ ಅರ್ಧ ಗಂಟೆ ಮಲಗಿ" ಅಥವಾ "ಈಗಲೇ ಏಳಿ" ಎನ್ನಲು ಸಾಧ್ಯವಾದರೆ ಮಾತ್ರ ಐದು ದಿನಕ್ಕೆ ಐದು ದಿನವೂ ಅಲೆ ಸಿಗುತ್ತದೆ.

ಕೋಡಿಬೆಂಗ್ರೆ

ಸಣ್ಣ ಮಕ್ಕಳಿರುವ, ಮೊದಲ ಸಲ ಹೋಗುವ ಮನೆಯವರಿಗೆ ನಾನು ಹೇಳುವುದು ಇದನ್ನೇ. ಉಡುಪಿಯಿಂದ ಕೆಮ್ಮಣ್ಣು, ಹೂಡೆ ದಾಟಿ ಬಡಗಕ್ಕೆ ಹೋದರೆ ನೆಲ ಸಪೂರವಾಗುತ್ತ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ ನದಿ, ನಡುವೆ ಒಂದು ರಸ್ತೆ, ಅದರ ಅಕ್ಕಪಕ್ಕ ಮೀನುಗಾರರ ಮನೆಗಳು, ತೆಂಗು. ಕೊನೆಯಲ್ಲಿ ಸುವರ್ಣಾ, ಸೀತಾ ನದಿಗಳು ಕಡಲು ಸೇರುವ ಅಳಿವೆ. ಅದರ ಆಚೆ ಹಂಗಾರಕಟ್ಟೆ.

ಈ ಪಟ್ಟಿಯ ಮೇಲೆ ಎಲ್ಲಿ ಉಳಿದರೂ ಕಡಲಿಗೆ ನಡೆದೇ ಹೋಗಬಹುದು. ನಮಗೆ ಇನ್ನೂ ದೊಡ್ಡ ಅನುಕೂಲ ಎಂದರೆ ಬಲಗಡೆಯ ನದಿ. ಕಡಲು ಒರಟಾದ ದಿನ ಮಗ ನದಿಯ ಹಿನ್ನೀರಿನಲ್ಲಿ ಬೋರ್ಡಿನ ಮೇಲೆ ಮಲಗಿ ಕೈ ಹುಟ್ಟು ಹಾಕುವುದನ್ನು ಕಲಿತ. ಅಲೆಯ ಭಯವಿಲ್ಲದೆ ಕಲಿತ ಆ ಕೈಬೀಸು ಮರುದಿನ ಕಡಲಿನಲ್ಲಿ ಉಪಯೋಗಕ್ಕೆ ಬಂತು. ಬೆಳಿಗ್ಗೆ ಸೂರ್ಯ ನದಿಯ ಕಡೆ ಏಳುತ್ತಾನೆ, ಸಂಜೆ ಕಡಲಿಗೆ ಇಳಿಯುತ್ತಾನೆ. ಅತ್ತೆ ಕುರ್ಚಿಯನ್ನು ಹೊತ್ತಿಗೆ ತಕ್ಕಂತೆ ಈ ಬದಿಯಿಂದ ಆ ಬದಿಗೆ ಹಾಕಿಸಿಕೊಂಡು ಇಡೀ ದಿನ ಖುಷಿಯಾಗಿದ್ದರು. ಸರ್ಫಿಂಗ್ ಕಲಿಸುವ ಕ್ಲಬ್ ಊರಲ್ಲೇ ಇದೆ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಇದು ಪ್ರವಾಸಿಗರಿಗಾಗಿ ಹುಟ್ಟಿದ ಊರಲ್ಲ, ಮೀನುಗಾರರ ಊರು. ಬೆಳಿಗ್ಗೆ, ದಡದಿಂದ ಹಗ್ಗ ಹಿಡಿದು ಎಳೆಯುವ ಕೈರಂಪಣಿ ಬಲೆ ಬಿಟ್ಟಿದ್ದರೆ ಆ ಜಾಗ ಬಲೆಯವರದ್ದು. ಬಲೆ ದಡಕ್ಕೆ ಬರುವವರೆಗೆ ಅದರ ಅರ್ಧವೃತ್ತದೊಳಗೆ ಇಳಿಯಬಾರದು. ಬೋರ್ಡಿನ ಅಡಿಯ ರೆಕ್ಕೆ ಬಲೆಗೆ ಸಿಕ್ಕರೆ ಅವರ ದಿನದ ದುಡಿಮೆ ಹೋಗುತ್ತದೆ, ಕಾಲು ಸಿಕ್ಕರೆ ಮಗುವಿನ ಜೀವಕ್ಕೇ ಅಪಾಯ. ನಾವು ಮಾಡುವುದು ಹೀಗೆ: ಮೊದಲ ದಿನ ಸಂಜೆಯೇ ದೋಣಿಯ ಹತ್ತಿರ ಕೂತವರ ಬಳಿ ಹೋಗಿ "ನಾಳೆ ಬಲೆ ಎಲ್ಲಿ ಬಿಡ್ತೀರಿ ಅಣ್ಣ?" ಎಂದು ಕೇಳಿಕೊಳ್ಳುವುದು. ಯಾರೂ ಬೇಸರ ಮಾಡಿಕೊಂಡಿಲ್ಲ. ಎರಡನೇ ವರ್ಷ ಬಲೆ ಎಳೆಯಲು ಮಕ್ಕಳನ್ನೂ ಕರೆದರು, ಹಗ್ಗ ಬಿಟ್ಟು ಬರುವಾಗ ಬಂಗುಡೆ ಕೊಟ್ಟು ಕಳಿಸಿದರು.

ಅಳಿವೆಯ ತುದಿ ನೋಡಲು ಎಷ್ಟು ಚೆಂದವೋ ನೀರಿಗಿಳಿಯಲು ಅಷ್ಟೇ ಅಪಾಯ. ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರು ಆ ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತದೆ. ಈಜುಗಾರರೂ ಅದರ ಎದುರು ನಿಲ್ಲಲಾರರು. ಟೆಂಟನ್ನು ತುದಿಯ ಹತ್ತಿರ ಹಾಕಬೇಡಿ, ಮಕ್ಕಳು ಆಡುತ್ತ ಅತ್ತ ಹೋಗುವ ದೂರದಲ್ಲೂ ಬೇಡ.

ಮೂಲ್ಕಿ, ಸಸಿಹಿತ್ಲು

ಕಲಿಕೆಯೇ ಮುಖ್ಯ ಎನ್ನುವವರು ಮೂಲ್ಕಿಗೆ ಹೋಗಿ. ನಮ್ಮ ಕರಾವಳಿಯ ಸರ್ಫಿಂಗ್ ಚರಿತ್ರೆ ಶುರುವಾಗುವುದೇ ಇಲ್ಲಿಂದ. 2004ರಲ್ಲಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿತು. ಅದನ್ನು ಕಟ್ಟಿದವರು ಅಮೆರಿಕದಿಂದ ಬಂದು ಸನ್ಯಾಸಿಯಾದ, 'ಸರ್ಫಿಂಗ್ ಸ್ವಾಮಿ' ಎಂದೇ ಹೆಸರಾದ ಜ್ಯಾಕ್ ಹೆಬ್ನರ್. ಮುಂದೆ ಊರಿನ ಹುಡುಗರು ಹುಡುಗಿಯರೇ ಇಲ್ಲಿ ಕಲಿತು ಕಲಿಸುವವರಾದರು. ನಿಂತು ಹುಟ್ಟು ಹಾಕುವ ಪ್ಯಾಡ್ಲಿಂಗ್‌ನಲ್ಲಿ ಹೆಸರು ಮಾಡಿದ ತನ್ವಿ ಜಗದೀಶ್ ಮೂಲ್ಕಿಯವರು. ನನ್ನ ಮಗಳಿಗೆ ಬೋರ್ಡ್ ಮೇಲೆ ನಿಲ್ಲುವ ಛಲ ಬಂದಿದ್ದು ಅವರ ವಿಡಿಯೋ ನೋಡಿದ ಮೇಲೆ. ಪಕ್ಕದ ಸಸಿಹಿತ್ಲಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು.

ಇಲ್ಲೂ ಎರಡು ನದಿಗಳು. ಕಟೀಲಿನ ದೇವಸ್ಥಾನವನ್ನು ಸುತ್ತಿ ಹರಿಯುವ ನಂದಿನಿಯೇ ಇಲ್ಲಿ ಶಾಂಭವಿಯ ಜೊತೆ ಸೇರಿ ಕಡಲಿಗೆ ಇಳಿಯುತ್ತಾಳೆ. ಸಮತಟ್ಟಾದ ನದಿ ನೀರಿನಲ್ಲಿ ಕಯಾಕಿಂಗ್, ಪ್ಯಾಡ್ಲಿಂಗ್ ಎರಡೂ ಆಗುತ್ತದೆ. ಅತ್ತೆಗೆ ಬಪ್ಪನಾಡು, ಕಟೀಲು ದೇವಸ್ಥಾನ ಎರಡೂ ಹತ್ತಿರ. ಮಂಗಳೂರಿಗೆ ಸುಮಾರು 30 ಕಿಲೋಮೀಟರ್, ಆಸ್ಪತ್ರೆಯ ಚಿಂತೆ ಇರುವವರಿಗೆ ಅದೊಂದು ಧೈರ್ಯ.

ಹಾಗಾದರೆ ಕೋಡಿಬೆಂಗ್ರೆಗೆ ಮೊದಲ ಜಾಗ ಯಾಕೆ? ಮೂಲ್ಕಿಯಲ್ಲಿ ನೀವು ನದಿಯ ದಡದಲ್ಲಿ ಉಳಿದರೆ ಅಲೆ ಇರುವ ಜಾಗಕ್ಕೆ ದೋಣಿಯಲ್ಲೋ ವಾಹನದಲ್ಲೋ ಹೋಗಬೇಕಾಗಬಹುದು. ಶಿಕ್ಷಕರು ಕರೆದುಕೊಂಡು ಹೋದಾಗ ಹೋಗುವುದು, ಅವರ ಜೊತೆಗೇ ಬರುವುದು. 13ರ ಮಗಳಿಗೆ ಅದು ಬಹಳ ಹಿಡಿಸಿತು: ಶಿಸ್ತು, ಜೊತೆಗಾರರು, ದಿನದಿನಕ್ಕೆ ತಿದ್ದುವ ಗುರುಗಳು. 8ರ ಮಗ ಮಾತ್ರ ಮೂರನೇ ದಿನಕ್ಕೆ ಸುಸ್ತಾದ. ಅವನಿಗೆ ಇಪ್ಪತ್ತು ನಿಮಿಷ ಅಲೆ, ಒಂದು ಗಂಟೆ ಹೊಯಿಗೆ, ಮತ್ತೆ ಇಪ್ಪತ್ತು ನಿಮಿಷ ಅಲೆ ಬೇಕಿತ್ತು. ಮಕ್ಕಳೆಲ್ಲ 11-12 ದಾಟಿದ್ದರೆ ನಾನು ಮೂಲ್ಕಿಗೇ ಮತ ಹಾಕುತ್ತೇನೆ.

ಗೋಕರ್ಣ

ಕ್ಯಾಂಪಿಂಗ್ ಎಂದ ಕೂಡಲೇ ಎಲ್ಲರ ಬಾಯಿಗೂ ಬರುವ ಹೆಸರು ಇದು. ಕುಡ್ಲೆ, ಓಂ, ಹಾಫ್ ಮೂನ್ ಕಡಲತೀರಗಳ ನಡುವಿನ ಗುಡ್ಡದ ನಡಿಗೆ ಮಕ್ಕಳಿಗೆ ಎಂದೂ ಮರೆಯದಂಥದ್ದು. ಆದರೆ ದಿನವೂ ಸರ್ಫಿಂಗ್ ಎಂಬ ನಮ್ಮ ಮೂಲ ಉದ್ದೇಶಕ್ಕೆ ಅಷ್ಟು ಒಗ್ಗುವುದಿಲ್ಲ. ಗುಡ್ಡಗಳ ಮರೆಯಲ್ಲಿರುವ ಕೊಲ್ಲಿಗಳಿಗೆ ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ಅಲೆ ತೀರಾ ಸಣ್ಣದಾಗುತ್ತದೆ, ಓಂ ತೀರದಲ್ಲಿ ಬಂಡೆಗಳಿವೆ. ಉದ್ದಕ್ಕೆ ತೆರೆದುಕೊಂಡ ಊರಿನ ಮುಖ್ಯ ಕಡಲತೀರ ಕಲಿಯಲು ವಾಸಿ. ಎರಡು ದಿನ ಅಲೆ, ಎರಡು ದಿನ ಗುಡ್ಡ, ಒಂದು ದಿನ ಮಹಾಬಲೇಶ್ವರನ ದರ್ಶನ ಎನ್ನುವ ಕುಟುಂಬಕ್ಕೆ ಗೋಕರ್ಣ ಸರಿ. ವರ್ಷದ ಕೊನೆಯ ವಾರ ಮಾತ್ರ ಬೇಡ, ರಾತ್ರಿಯ ಗದ್ದಲಕ್ಕೆ ಮಕ್ಕಳು ನಿದ್ದೆ ಮಾಡುವುದಿಲ್ಲ. ನಿದ್ದೆಗೆಟ್ಟ ಮಗುವನ್ನು ಬೆಳಿಗ್ಗೆ ಆರಕ್ಕೆ ನೀರಿಗೆ ಇಳಿಸಬಾರದು.

ಮಹಾಬಲಿಪುರಂ, ಕೋವಲಂ

ಇದು ಚೆನ್ನೈ ಹತ್ತಿರದ ಕೋವಲಂ, ಕೇರಳದ್ದಲ್ಲ. ಈ ಎರಡು ಊರುಗಳ ವಿಷಯದಲ್ಲಿ ತಿಳಿದಿರಬೇಕಾದ್ದು ಹಂಗಾಮು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಡುವಣ ಕಡಲು ಮಕ್ಕಳಿಗೆ ಮುಚ್ಚಿದ ಬಾಗಿಲು. ಯಾಂತ್ರೀಕೃತ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ತಿಂಗಳುಗಳಲ್ಲಿ ಪೂರ್ವ ಕರಾವಳಿಗೆ ದಕ್ಷಿಣ ಸಾಗರದ ಅಲೆಗಳು ಚೆನ್ನಾಗಿ ಬರುತ್ತವೆ, ಪಡುವಣ ಗಾಳಿ ಅಲ್ಲಿ ನೆಲದಿಂದ ಕಡಲಿಗೆ ಬೀಸಿ ಅಲೆಯನ್ನು ತಿದ್ದುತ್ತದೆ. 2025ರ ಆಗಸ್ಟ್‌ನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್ ನಡೆದಿದ್ದು ಮಹಾಬಲಿಪುರಂನಲ್ಲೇ. ಅಲ್ಲಿ ಕಂಚು ಗೆದ್ದ ರಮೇಶ್ ಬುಡಿಹಾಳ್ ಕರ್ನಾಟಕ ಮೂಲದವರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆ.

ಕೋವಲಂನಲ್ಲಿ ಮೀನುಗಾರರ ಮನೆಯ ಹುಡುಗ ಮೂರ್ತಿ ಮೇಘವನ್ ತಾನೇ ಅಲೆ ಹತ್ತಿ ಕಲಿತು ಊರಿನ ಹುಡುಗರಿಗೆ ಕಲಿಸಿ, ಅದೇ ಊರನ್ನು ಸರ್ಫಿಂಗ್ ಊರಾಗಿಸಿದರು. ಮಹಾಬಲಿಪುರಂನಲ್ಲಾದರೆ ಸರ್ಫಿಂಗ್ ಮಾಡದವರಿಗೂ ದಿನ ತುಂಬುತ್ತದೆ: ಪಲ್ಲವರ ಕಡಲ ತಡಿಯ ದೇವಾಲಯ, ರಥಗಳು, ಬಂಡೆಯ ಮೇಲಿನ ಆ ಮಹಾ ಶಿಲ್ಪ. ಅತ್ತೆ ಎರಡು ಸಲ ನೋಡಿ ಬಂದರು.

ಕೊರತೆ ಎಂದರೆ ಟೆಂಟು. ಮನೆಗಳು ಒತ್ತೊತ್ತಾಗಿರುವುದರಿಂದ ಅಲ್ಲಿ ನಾವು ಕೋಣೆಯಲ್ಲೇ ಉಳಿದೆವು. ಏಪ್ರಿಲ್-ಮೇ ಬಿಸಿಲಿನಲ್ಲಿ ಟೆಂಟು ಹಾಕುವ ಯೋಚನೆಯೂ ಬೇಡ. ಅಕ್ಟೋಬರ್ ಕೊನೆಯಿಂದ ಹಿಂಗಾರು ಮಳೆ, ವಾಯುಭಾರ ಕುಸಿತ, ಚಂಡಮಾರುತ. ಆಗ ಪಡುವಣವೇ ಒಳ್ಳೆಯದು.

ಕೇರಳದ ವರ್ಕಲದ ಬಗ್ಗೆ ಎರಡೇ ಮಾತು. ಕೆಂಪು ಮುರಕಲ್ಲಿನ ಬಂಡೆಯ ಗೋಡೆ, ಕೆಳಗೆ ಕಡಲು, ನೋಡಲು ಅದ್ಭುತ, ಸರ್ಫಿಂಗ್ ಶಾಲೆಗಳೂ ಇವೆ. ಉಳಿಯುವುದು ಮೇಲೆ, ಅಲೆ ಕೆಳಗೆ, ನಡುವೆ ಮೆಟ್ಟಿಲು. ಬೋರ್ಡ್, ನೀರು, ಮಗು, ಅತ್ತೆ ಎಲ್ಲರನ್ನೂ ದಿನಕ್ಕೆ ಎರಡು ಸಲ ಇಳಿಸಿ ಹತ್ತಿಸುವುದು ನಮ್ಮಿಂದ ಆಗದು. ದೊಡ್ಡ ಮಕ್ಕಳಿರುವವರು ಯೋಚಿಸಿ.

ಯಾವ ಟೆಂಟು, ಯಾರ ಅಂಗಳ

ಹೊಯಿಗೆಯ ಮೇಲೆ ನಮ್ಮದೇ ಟೆಂಟು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನಾವೂ ಒಂದು ರಾತ್ರಿ ಹಾಕಿದೆವು. ಸಾರ್ವಜನಿಕ ಕಡಲತೀರದಲ್ಲಿ ಅನುಮತಿ ಬೇಕು, ಶೌಚಾಲಯವಿರುವುದಿಲ್ಲ, ಹುಣ್ಣಿಮೆ ಅಮಾವಾಸ್ಯೆಯ ಭರತ ಉಳಿದ ದಿನಗಳಿಗಿಂತ ಮೇಲೆ ಬರುತ್ತದೆ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ನಮ್ಮ ಲಾಟೀನು, ಟಾರ್ಚಿನ ಬೆಳಕು ಅವುಗಳಿಗೆ, ಅವುಗಳ ಮರಿಗಳಿಗೆ ದಾರಿ ತಪ್ಪಿಸುತ್ತದೆ. ಆ ಒಂದು ರಾತ್ರಿಯ ನಂತರ ನಾವು ಮತ್ತೆ ದಡದಲ್ಲಿ ಮಲಗಿಲ್ಲ.

ನಮಗೆ ಒಗ್ಗಿದ್ದು ಕಡಲ ಬದಿಯ ಮನೆಯ ಅಂಗಳದಲ್ಲಿ ನಮ್ಮ ಟೆಂಟು ಹಾಕಿ, ಅತ್ತೆಗೆ ಅದೇ ಮನೆಯಲ್ಲಿ ಒಂದು ಕೋಣೆ ಹಿಡಿಯುವುದು. ಬಚ್ಚಲು ಸಿಗುತ್ತದೆ, ಬಾವಿಯ ಸಿಹಿನೀರಿನಲ್ಲಿ ಉಪ್ಪು ತೊಳೆಯಬಹುದು, ಮನೆಯವರು ಗಂಜಿ-ಚಟ್ನಿ, ನೀರುದೋಸೆ ಮಾಡಿ ಕೊಡುತ್ತಾರೆ. ನೀರಿನಿಂದ ಬಂದ ಮಕ್ಕಳು ಕುಚ್ಚಲಕ್ಕಿ ಗಂಜಿಯನ್ನು ತಟ್ಟೆಗೆ ಬಾಯಿಟ್ಟು ಕುಡಿಯುತ್ತಾರೆ! ಸಿದ್ಧ ಟೆಂಟುಗಳಿರುವ ಕ್ಯಾಂಪುಗಳು ಸುಲಭ, ಆದರೆ ಮೊದಲೇ ಫೋನಿನಲ್ಲಿ ಕೇಳಿ: ಟೆಂಟು ನೆರಳಲ್ಲಿದೆಯಾ? ಡಿಸೆಂಬರ್, ಜನವರಿಯ ರಾತ್ರಿ ಟೆಂಟಿಗೆ ಹೇಳಿ ಮಾಡಿಸಿದಂತಿದ್ದರೂ, ಫೆಬ್ರವರಿ ದಾಟಿದ ಮೇಲೆ ಬಿಸಿಲು ಬಿದ್ದ ಟೆಂಟಿನೊಳಗೆ ಬೆಳಿಗ್ಗೆ ಏಳೂವರೆಯ ನಂತರ ಕೂರಲಾಗದು. ಮಧ್ಯಾಹ್ನದ ನಿದ್ದೆಯಿಲ್ಲದೆ ಮಕ್ಕಳಿಗೆ ಸಂಜೆಯ ಅಲೆಗೆ ಶಕ್ತಿ ಉಳಿಯುವುದಿಲ್ಲ. ನೆರಳಿಗೆ ಗಾಳಿಮರದ ಬುಡ ಆರಿಸಿ, ತೆಂಗಿನ ಬುಡವಲ್ಲ. ಮೇಲಿನಿಂದ ಕಾಯಿ ಬೀಳುತ್ತದೆ. ಏಪ್ರಿಲ್-ಮೇಯಲ್ಲಿ ಕಡಲಂಚಿನ ಬಾವಿಗಳಿಗೆ ಉಪ್ಪು ಸೇರುವುದುಂಟು, ಕುಡಿಯುವ ನೀರು ಒಯ್ಯಿರಿ.

ಶಾಲೆಯ ರಜೆಗೆ ಕಡಲು ಹೊಂದುತ್ತದೆಯೇ

ದಸರೆ ರಜೆ ನನ್ನ ಮೊದಲ ಆಯ್ಕೆ. ಮಳೆ ಹಿಂದೆ ಸರಿದು ಕಡಲು ಶಾಂತವಾಗುತ್ತ ಬಂದಿರುತ್ತದೆ, ಅಲೆಯಲ್ಲಿ ಇನ್ನೂ ಸ್ವಲ್ಪ ಕಸುವಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಮಳೆ ತಡವಾಗಿ ಹಿಂದೆಗೆದ ವರ್ಷ ಮಾತ್ರ ಹೊರಡುವ ಮುನ್ನ ಕ್ಲಬ್ಬಿನವರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಡಿಸೆಂಬರಿನ ಅಲೆ ಸಣ್ಣದು, ಅಂಜುವ ಮಗುವಿಗೆ ಅದೇ ಒಳ್ಳೆಯದು. ಏಪ್ರಿಲ್-ಮೇಯಲ್ಲಿ ಅಲೆ ದೊಡ್ಡದಾಗುತ್ತ ಹೋಗುತ್ತದೆ. ಕಲಿತ ಮಕ್ಕಳಿಗೆ ಅದು ಹಬ್ಬ, ಹೊಸಬರಿಗಲ್ಲ. ಆ ತಿಂಗಳುಗಳಲ್ಲಿ ದೂರದ ದಕ್ಷಿಣ ಸಾಗರದಲ್ಲೆದ್ದ ಬಿರುಗಾಳಿಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನ, ತಟ್ಟನೆ ದಡಕ್ಕೆ ನುಗ್ಗುವುದುಂಟು. ಮಲಯಾಳದ ಮೀನುಗಾರರು ಇದನ್ನು 'ಕಳ್ಳಕಡಲು' ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಪ್ರತಿ ರಾತ್ರಿ ಮಲಗುವ ಮುನ್ನ ನಾನು ಅದನ್ನು ನೋಡುತ್ತೇನೆ.

ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಜೊತೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಲು ಕಲಿಯಿರಿ. ಅದೇ ಎತ್ತರದ ಅಲೆ 6 ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ್ದು, ಕಲಸುಮೇಲೋಗರ. 13-14 ಸೆಕೆಂಡಿಗೊಮ್ಮೆ ಎಂದರೆ ದೂರದಿಂದ ಬಂದದ್ದು, ಸಾಲು ಸಾಲಾಗಿರುತ್ತದೆ, ಹೊಡೆತವೂ ಜೋರು. ಎತ್ತರ ಕಡಿಮೆ ತೋರಿಸಿದರೂ ಆ ದಿನ ಮಗನನ್ನು ಮೊಣಕಾಲು ನೀರು ದಾಟಿಸುವುದಿಲ್ಲ.

ಕಲಿಸುವವರನ್ನು ಆರಿಸುವಾಗ ದರ ಕೊನೆಗೆ ಕೇಳಿ. ಮೊದಲು ಕೇಳಬೇಕಾದ್ದು: ನೀರಿನಲ್ಲಿ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಜೀವರಕ್ಷಣೆಯ ತರಬೇತಿ ಆಗಿದೆಯೇ? ಮೇಲ್ಮೈ ಮೆತ್ತಗಿರುವ ಉದ್ದನೆಯ ಬೋರ್ಡ್ ಇದೆಯೇ? ಒಮ್ಮೆ ಒಂದು ಕಡೆ ಒಬ್ಬರೇ ಏಳು ಮಕ್ಕಳನ್ನು ಇಳಿಸಲು ಹೊರಟಾಗ ನಾವು ದುಡ್ಡು ಬಿಟ್ಟು ವಾಪಸು ಬಂದೆವು. "ಇವತ್ತು ಕಡಲು ಸರಿಯಿಲ್ಲ, ಬೇಡ" ಎಂದು ಹೇಳಿ ಕಳಿಸುವ ಶಿಕ್ಷಕರು ಸಿಕ್ಕರೆ ಅವರನ್ನು ಬಿಡಬೇಡಿ.

ಸೆಳೆತದ ಪಾಠವನ್ನು ಮನೆಯಲ್ಲೇ ಮಾಡಿ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಕಪ್ಪಾಗಿ, ನಯವಾಗಿ, ಶಾಂತವಾಗಿ ಕಂಡರೆ ಅದೇ ಸೆಳೆತ. ನೀರು ಅಲ್ಲಿಂದ ಹೊರಗೆ ಹೋಗುತ್ತಿರುತ್ತದೆ. ನಾವು ಆಟವಾಡಿಸಲು ಹುಡುಕುವ 'ಅಲೆಯಿಲ್ಲದ ಜಾಗ'ವೂ ಹಾಗೇ ಕಾಣುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ಹೋರಾಡದೆ ಬೋರ್ಡ್ ಹಿಡಿದು ತೇಲಬೇಕು, ಕೈ ಎತ್ತಿ ಕರೆಯಬೇಕು, ಬಲವಿದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದ ನಾಲ್ವರು ಹೆಣ್ಣುಮಕ್ಕಳು ಕಡಲು ಪಾಲಾದರು. ಡಿಸೆಂಬರ್ ಶಾಂತ ತಿಂಗಳು ಎಂದು ಮೇಲೆ ಬರೆಯುವಾಗಲೂ ಆ ಮಕ್ಕಳ ನೆನಪು ನನ್ನನ್ನು ಬಿಡಲಿಲ್ಲ. ಕಾವಲುಗಾರರು ನೆಟ್ಟ ಬಾವುಟದ ಆಚೆ ಹೋಗಬೇಡಿ.

ಐದು ದಿನದ ರಜೆಯಲ್ಲಿ ಮೂರನೇ ದಿನ ಬಿಡುವು ಇಟ್ಟುಕೊಳ್ಳಿ. ಭುಜ ನೋಯುತ್ತದೆ, ಹೊಟ್ಟೆಯ ಚರ್ಮ ಬೋರ್ಡಿಗೆ ಉಜ್ಜಿ ಕೆಂಪಾಗಿರುತ್ತದೆ. ತುಂಬುತೋಳಿನ ಈಜುಬಟ್ಟೆ ತಲಾ ಎರಡು ಇದ್ದರೆ ಒಂದು ಒಣಗುತ್ತಿರುತ್ತದೆ.

ಈ ದಸರೆಗೆ ಕೋಡಿಬೆಂಗ್ರೆಯಲ್ಲಿ ಅದೇ ಮನೆಯ ಅಂಗಳಕ್ಕೆ ಹೇಳಿಟ್ಟಿದ್ದೇವೆ, ನಡುವೆ ಎರಡು ದಿನ ಮಗಳೊಬ್ಬಳನ್ನು ಕರೆದುಕೊಂಡು ನಾನು ಮೂಲ್ಕಿಗೆ ಹೋಗಿ ಬರುವುದು. ಕೋಡಿಬೆಂಗ್ರೆಯ ಆ ಅಂಗಳದಲ್ಲಿ ಟೆಂಟಿನ ಬಾಗಿಲಿನಿಂದ ನೀರಿಗೆ 140 ಹೆಜ್ಜೆ. ಮಗ ಕಳೆದ ವರ್ಷ ಇಳಿತದ ಹೊತ್ತಿನಲ್ಲಿ ಎಣಿಸಿದ್ದು. ಭರತದಲ್ಲಿ ಇನ್ನೂ ಕಡಿಮೆ.